ಬಾಗಿಲ ಹಿಂದಿನ ಸ್ವಿಚ್ಚು

"ಮನೆ ಕಟ್ಟಿಸಿ ತಲೆ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇವೆ. ಸರಿಯಾದ ಮನೆಯನ್ನು ಕೈಯಾರೆ ಕೆಡಿಸಿಕೊಂಡವನನ್ನು ಇವನೊಬ್ಬನನ್ನೇ ನೋಡಿದ್ದು" ಎಂದು ಆ ಬೀದಿಯವರು ತಕ್ಕಡಿಯಣ್ಣನ ವಿಷಯವಾಗಿ ಹೇಳುತ್ತಿದ್ದರು.

ಎದುರುಮನೆಯ ಹೆಂಗಸಂತೂ ತನ್ನ ಮನೆಗೆ ಬಂದ ನೆಂಟರಿಗೆಲ್ಲ ಕಿಟಕಿಯಿಂದಲೇ ಅವನ ಮನೆ ತೋರಿಸುತ್ತಿದ್ದಳು. "ನೋಡಿ, ಅದು ಅಂಗಿ ತಿರುವಿ ಹಾಕ್ಕೊಂಡ ಮನೆ. ಒಳಗೆ ದೀಪ ಹಾಕ್ಬೇಕು ಅಂದ್ರೆ ಮೊದಲು ಬಾಗಿಲು ಮುಚ್ಚಬೇಕು, ಯಾಕೆ ಅಂದ್ರೆ ಸ್ವಿಚ್ಚು ಬಾಗಿಲ ಹಿಂದೆ. ಬಾಗಿಲು ಮುಚ್ಚಿದ್ರೆ ಕತ್ತಲೆ. ಕತ್ತಲಲ್ಲಿ ತಡಕಾಡಿ ಬೆಳಕು ತರಬೇಕು. ಆಮೇಲೆ ಆ ಮಹಾತಾಯಿ ಇದ್ದಾಳಲ್ಲ, ಬೆಳಗ್ಗೆ ಎದ್ರೆ ಗೋಡೆ ಒರೆಸ್ತಾಳೆ, ಸಂಜೆಯಾದ್ರೆ ಗೋಡೆ ಒರೆಸ್ತಾಳೆ. ಬಣ್ಣ ಹೋಗಿ ಇಟ್ಟಿಗೆ ಕಾಣೋವರೆಗೂ ಬಿಡೋ ಹಾಗಿಲ್ಲ."

ಊರ ಬಾಯಿಗೆ ಮುಚ್ಚಳವಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನಿ. ಸ್ವಿಚ್ಚು ಬಾಗಿಲ ಹಿಂದೆಯೇ ಇತ್ತು. ಗೋಡೆಯನ್ನು ಅವಳು ಒರೆಸುತ್ತಲೇ ಇದ್ದಳು. ಆದರೆ ಕಣ್ಣಿಗೆ ಕಂಡದ್ದನ್ನೆಲ್ಲ ಹೇಳಿದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲವಲ್ಲ.

ತಕ್ಕಡಿಯಣ್ಣ ಎಂದರೆ ತಕ್ಕಡಿ ರಿಪೇರಿಯವನು. ಭುಜಕ್ಕೊಂದು ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ, ಮುಳ್ಳು ಓರೆಯಾದ, ತಟ್ಟೆ ಸೊಟ್ಟಗಾದ ತಕ್ಕಡಿಗಳನ್ನು ನೆಟ್ಟಗೆ ಮಾಡಿಕೊಡುವುದು ಅವನ ಕಸುಬು. ಬೇಳೆಯವನೂ ಅವನಿಗೆ ಕಾದಿರುತ್ತಿದ್ದ, ಮೊಳೆ ಮಾರುವವನೂ ಕಾದಿರುತ್ತಿದ್ದ. ಅವನ ಹೆಂಡತಿಯನ್ನು ಜನ ತಕ್ಕಡಿಯಕ್ಕ ಎನ್ನುತ್ತಿದ್ದರು. ಮಾತಿನಲ್ಲಿ ಅವನು ಮೊಳೆಯಾದರೆ ಅವಳು ಹತ್ತಿ. ಅವನು ಒಂದು ಮಾತು ಹಿಡಿದರೆ ಗೋಡೆಗೆ ಹೊಡೆದಂತೆ. ಅವಳು "ಆಗಲಿ ಬಿಡಿ" ಎಂದು ನಗುತ್ತಿದ್ದಳು. ಆಗಲಿ ಎಂದದ್ದನ್ನು ಆಗಗೊಡುತ್ತಿದ್ದಳೋ ಇಲ್ಲವೋ ಎನ್ನುವುದು ಬೇರೆ ಮಾತು.

ಮದುವೆಯಾದಾಗಿನಿಂದ ಅವರು ಒಂದೇ ಬಾಡಿಗೆ ಮನೆಯಲ್ಲಿದ್ದರು. ಅಲ್ಲಿದ್ದಾಗಲೇ ಅಕ್ಕನ ಕಣ್ಣು ಮಬ್ಬಾಗುತ್ತ ಬಂತು. ಮೊದಲು ಸೂಜಿಯ ಕಣ್ಣು ಹೋಯಿತು, ಆಮೇಲೆ ಅಕ್ಷರ ಹೋಯಿತು, ಆಮೇಲೆ ಬೀದಿಯಲ್ಲಿ ಎದುರಿಗೆ ಬಂದವರ ಮುಖ ಹೋಯಿತು. ಕೊನೆಗೆ ಕಿಟಕಿ ಯಾವುದು, ಗೋಡೆ ಯಾವುದು ಎನ್ನುವಷ್ಟು ಬೆಳಕು, ಮೂಗಿನ ಹತ್ತಿರ ಹಿಡಿದದ್ದರ ಮಸುಕು ಆಕಾರ, ಇಷ್ಟು ಉಳಿಯಿತು. ಕಣ್ಣಿನ ಡಾಕ್ಟರ ಹತ್ತಿರ ಅಣ್ಣ ಹೊರಗಿನ ಬೆಂಚಿನವರೆಗೆ ಕರೆದುಕೊಂಡು ಹೋಗುತ್ತಿದ್ದ, ಒಳಗೆ ಅವಳೊಬ್ಬಳೇ ಹೋಗುತ್ತಿದ್ದಳು. ಹೊರಗೆ ಬಂದು, "ಇದ್ದಷ್ಟು ಇರುತ್ತಂತೆ. ಇನ್ನು ಇಳಿಯಲ್ವಂತೆ" ಎನ್ನುತ್ತಿದ್ದಳು. ಅಣ್ಣನಿಗೆ ಅಷ್ಟೇ ಸಾಕಾಗಿತ್ತು. ಆ ಬಾಡಿಗೆ ಮನೆಯಲ್ಲಿ ಅವಳು ಮೀನಿನಂತೆ ಓಡಾಡುತ್ತಿದ್ದಳು. ಕೈ ಚಾಚಿದಲ್ಲಿ ಸ್ವಿಚ್ಚು, ತಿರುಗಿದಲ್ಲಿ ನಲ್ಲಿ.

ಆ ಮನೆಯನ್ನು ಕೆಡವುತ್ತೇವೆ, ಖಾಲಿ ಮಾಡಿ ಎಂದು ಮಾಲೀಕ ಹೇಳಿದ ದಿನ ಅಣ್ಣ ಕೆಲಸಕ್ಕೆ ಹೋಗಲಿಲ್ಲ. ಅವನಿಗೆ ಗೋಡೆಯ ಚಿಂತೆಯಲ್ಲ, ಅವಳ ಕೈಯ ಚಿಂತೆ. ಹೊಸ ಜಾಗದಲ್ಲಿ ಆ ಕೈ ಏನು ಮಾಡೀತು?

ಹಾಗಾಗಿಯೇ ಅವನು ಮನೆ ಕಟ್ಟಿಸಹೊರಟದ್ದು. ಎಂಥ ಮನೆ ಬೇಕು ಎಂದು ಕೇಳಿದ ಕಂತ್ರಾಟುದಾರನಿಗೆ, "ಅದೇ ಮನೆ ಬೇಕು. ಅಳತೆಗೆ ಅಳತೆ" ಎಂದ. ಹಳೆಯ ಮನೆಯ ಒಂದೊಂದು ಗೋಡೆಗೂ ಒಂದೊಂದು ದಾರ ಹಿಡಿದ. ಈ ಮೂಲೆಯಿಂದ ಆ ಮೂಲೆಯವರೆಗೆ ದಾರ ಎಳೆದು, ಸ್ವಿಚ್ಚು ಬಂದಲ್ಲಿ ಒಂದು ಗಂಟು, ಗೂಟ ಬಂದಲ್ಲಿ ಒಂದು ಗಂಟು, ನಲ್ಲಿ ಬಂದಲ್ಲಿ ಎರಡು ಗಂಟು ಹಾಕಿದ. ಟೇಪಿನ ಅಳತೆಯನ್ನು ಅವನು ನಂಬುವವನಲ್ಲ. ಅಂಕಿ ಹೇಳುವಾಗ ಬಾಯಿ ತಪ್ಪುತ್ತದೆ, ಗಂಟು ತಪ್ಪುವುದಿಲ್ಲ ಎನ್ನುತ್ತಿದ್ದ. ಅಡುಗೆಮನೆಗೆ ಬಿಳಿ ದಾರ, ನಡುಮನೆಗೆ ಕೆಂಪು, ಹೀಗೆ ಎಲ್ಲವನ್ನೂ ಸುರುಳಿ ಸುತ್ತಿ ಮೇಸ್ತ್ರಿಯ ಕೈಗೆ ಕೊಟ್ಟ. ಮೇಸ್ತ್ರಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದೇನು ಯಜಮಾನ್ರೇ, ಗಾಳಿಪಟ ಹಾರಿಸೋಣ್ವಾ?" ಎಂದು ನಕ್ಕು ಜೇಬಿಗೆ ಹಾಕಿಕೊಂಡ.

ಮನೆ ಎದ್ದಿತು. ಕಂತ್ರಾಟುದಾರನಿಗೆ ಬೀದಿಯವರಿಟ್ಟ ಹೆಸರು ನಾಳೆರಾಯ. ಏನು ಕೇಳಿದರೂ ನಾಳೆ ಎನ್ನುವವನು. ಆ ನಾಳೆಗಳೆಲ್ಲ ಕಳೆದು ಒಂದು ದಿನ ಅವನೇ ಬೀಗದ ಕೈ ಕೊಟ್ಟ.

ಅಣ್ಣ ಹೆಂಡತಿಯ ತೋಳು ಹಿಡಿದು ಒಳಗೆ ಕರೆತಂದು, ನಡುಮನೆಯಲ್ಲಿ ನಿಲ್ಲಿಸಿ, "ಈಗ ದೀಪ ಹಾಕು ನೋಡೋಣ" ಎಂದ. ಅವಳು ನಗುತ್ತ ಕೈ ಚಾಚಿದಳು. ಅಂಗೈ ಬರಿಯ ಗೋಡೆಗೆ ತಗಲಿತು. ಇನ್ನೊಮ್ಮೆ ಚಾಚಿದಳು. ಬರಿಯ ಗೋಡೆ. ಅಣ್ಣ ಸುತ್ತ ನೋಡಿದ. ಸ್ವಿಚ್ಚಿನ ಹಲಗೆ ಎಲ್ಲೂ ಇಲ್ಲ. ಬಾಗಿಲು ಎಳೆದು ನೋಡಿದರೆ, ಅದು ಬಾಗಿಲ ಹಿಂದೆ ಕಳ್ಳನ ಹಾಗೆ ಅವಿತು ಕೂತಿತ್ತು.

ಅಡುಗೆಮನೆಗೆ ಓಡಿದ. ಎಡಕ್ಕೆ ಬರಬೇಕಾದ ಬಿಸಿನೀರು ಬಲಕ್ಕಿತ್ತು, ಬಲಕ್ಕೆ ಬರಬೇಕಾದ ತಣ್ಣೀರು ಎಡಕ್ಕಿತ್ತು. ಗೂಟಗಳು ಆಚೆಯ ಕೊನೆಯಲ್ಲಿದ್ದವು. ಹಿಂಬಾಗಿಲ ಚಿಲಕ ತಲೆಕೆಳಗಾಗಿತ್ತು. ಹಾಕಬೇಕೆಂದರೆ ಕೆಳಕ್ಕೆ ಎಳೆಯಬೇಕಿತ್ತು. ಬಚ್ಚಲಲ್ಲಿ ನೀರು ಸುರಿದರೆ ಮೋರಿಯ ಕಡೆಗೆ ಹೋಗದೆ ಮಲಗುವ ಕೋಣೆಯ ದಾರಿ ಹಿಡಿಯಿತು. ಆದರೆ ಅಣ್ಣನನ್ನು ಬೆವರಿಸಿದ್ದು ಇದಲ್ಲ. ಜೊತೆಗೆ ಬಂದಿದ್ದ ಮೇಸ್ತ್ರಿಯ ಜೇಬಿನಿಂದ ಆ ದಾರಗಳನ್ನೇ ತೆಗೆದು ಗೋಡೆಗೆ ಹಿಡಿದು ನೋಡಿದ: ಒಂದೂ ಗಂಟು ತಪ್ಪಿರಲಿಲ್ಲ. ಎಲ್ಲವೂ ಕೂದಲೆಳೆಯಷ್ಟು ಸರಿಯಾಗಿತ್ತು, ಆದರೆ ಗೋಡೆಯ ಎದುರು ಮೂಲೆಯಿಂದ.

"ದಾರಕ್ಕೆ ಎರಡು ತುದಿ ಇರುತ್ತೆ ಯಜಮಾನ್ರೇ" ಎಂದ ಮೇಸ್ತ್ರಿ. "ತಲೆ ಯಾವುದು, ಬಾಲ ಯಾವುದು ಅಂತ ನೀವು ಹೇಳಿದ್ರಾ?"

ಅಣ್ಣ ಹೇಳಿರಲಿಲ್ಲ. ಅವನ ಕೈಯಲ್ಲಿ ದಾರ ಯಾವತ್ತೂ ಬಾಗಿಲ ಮೂಲೆಯಿಂದಲೇ ಶುರುವಾಗುತ್ತಿತ್ತು. ಅದು ಬೇರೆ ಕಡೆಯಿಂದಲೂ ಶುರುವಾಗಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅಲೆದಾಟ. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಾಳೆರಾಯನ ಕಚೇರಿ, ಕೆಲಸ ಮುಗಿಸಿ ಬರುವಾಗ ನಾಳೆರಾಯನ ಕಚೇರಿ. ಹೋದಾಗಲೆಲ್ಲ ಅವನದು ಒಂದೇ ಉತ್ತರ: "ಕಳಿಸಿದ್ದೆ ಯಜಮಾನ್ರೇ. ನಮ್ಮವರು ಬಂದಿದ್ರಲ್ಲ."

"ಯಾರೂ ಬಂದಿಲ್ಲ ಸ್ವಾಮಿ. ನನ್ನ ಹೆಂಡ್ತಿ ಮನೇಲೇ ಇದ್ದಾಳೆ, ಒಂದು ನರಪಿಳ್ಳೆ ಬರಲಿಲ್ಲ ಅಂತಾಳೆ."

"ಹಾಗಾದ್ರೆ ನಾಳೆ ಕಳಿಸ್ತೀನಿ."

ಕಂತ್ರಾಟುದಾರನ ಮಾತು ನೀರಿನ ಮೇಲಿನ ಗೆರೆ ಎಂದು ಎಲ್ಲರಿಗೂ ಗೊತ್ತು. ಅಣ್ಣನೂ ನಂಬಲಿಲ್ಲ. ಮನೆಗೆ ಬಂದರೆ ಅಕ್ಕ ಗೋಡೆ ಒರೆಸುತ್ತಿರುತ್ತಿದ್ದಳು. ಹೊಸ ಮನೆಯಲ್ಲವೇ, ಸಿಮೆಂಟಿನ ಧೂಳು ಎನ್ನುತ್ತಿದ್ದಳು. ಒದ್ದೆ ಬಟ್ಟೆ ಹಿಡಿದು ಮೂಲೆಯಿಂದ ಮೂಲೆಗೆ, ಸೊಂಟದೆತ್ತರದಲ್ಲಿ, ಆಮೇಲೆ ಎದೆಯೆತ್ತರದಲ್ಲಿ.

"ಬಿಡಿ, ಇದ್ದ ಹಾಗೇ ಇರಲಿ. ಹೊಂದ್ಕೊಂಡು ಹೋಗೋಣ" ಎನ್ನುತ್ತಿದ್ದಳು.

"ಏನು ಹೊಂದ್ಕೊಳ್ಳೋದು? ನಿನಗೋಸ್ಕರ ಕಟ್ಟಿಸಿದ್ದು ಕಣೇ."

"ಅದಕ್ಕೇ ಹೇಳ್ತಿದ್ದೀನಿ. ನನಗೆ ಬೇಡ ಅಂದ್ರೆ ಬಿಡ್ಬೇಕಪ್ಪ."

ಹತ್ತಿಯ ಮಾತು ಎಂದುಕೊಂಡು ಅಣ್ಣ ತಳ್ಳಿಹಾಕಿದ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ಊರಿನ ತಕ್ಕಡಿಗಳ ಕೂದಲೆಳೆಯ ಸುಳ್ಳನ್ನು ಹಿಡಿಯುತ್ತಿದ್ದವನಿಗೆ ಎದುರಿಗೇ ಇದ್ದದ್ದು ಹೊಳೆಯಲಿಲ್ಲ.

ಕೊನೆಗೆ ಅವನೊಂದು ಉಪಾಯ ಹೂಡಿದ. ರಿಪೇರಿಗೆ ಬಂದ ತಕ್ಕಡಿಗಳನ್ನೆಲ್ಲ ಹೊತ್ತುಕೊಂಡು ನಾಳೆರಾಯನ ಕಚೇರಿಗೆ ಹೋಗಿ, ಮನೆ ಕೊಳ್ಳಲು ಬಂದವರು ಕೂರುವ ಬೆಂಚಿನ ತುದಿಯಲ್ಲಿ ಅಂಗಡಿ ಬಿಚ್ಚಿದ. ಜಗಳವಿಲ್ಲ, ಕೂಗಾಟವಿಲ್ಲ. ತಟ್ಟೆ ಉಜ್ಜುತ್ತ ಕೂತ. ಒಳಗೆ ಬಂದ ಗಂಡಹೆಂಡಿರು, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದರೆ ಇವನೇ ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ. ಸಾಹುಕಾರರು ಒಳಗಿದ್ದಾರೆ. ನಾನೂ ಮನೆ ಕಟ್ಟಿಸಿದವನೇ. ಸ್ವಿಚ್ಚು ಬಾಗಿಲ ಹಿಂದೆ ಹೋಗಿ ಕೂತಿದೆ, ಅದನ್ನು ಕರ್ಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಿದ್ದ. ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೆಲವರು ಕೂತರು. ಕೆಲವರು ಚಪ್ಪಲಿಯನ್ನು ಪೂರ್ತಿ ಬಿಡದೆಯೇ ಹಿಂದಿರುಗಿದರು.

ನಾಳೆರಾಯ ಬಾಗಿಲಲ್ಲಿ ನಿಂತು ಕೈಮುಗಿದ. "ಅಣ್ಣಾ, ನಿನ್ನ ತಕ್ಕಡಿ ಎತ್ಕೊಂಡು ಹೋಗು. ಇವತ್ತೇ ಕಳಿಸ್ತೀನಿ."

ಅವನ ಬಾಯಿಂದ ಇವತ್ತು ಎನ್ನುವ ಮಾತು ಬಂದದ್ದನ್ನು ಕೇಳಿ ಗುಮಾಸ್ತನೇ ತಲೆಯೆತ್ತಿ ನೋಡಿದನಂತೆ.

ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲಿದ್ದ ಮಗಳಿಗೆ ಹೆರಿಗೆಯಾಗಿ, ಅಕ್ಕ ಅಲ್ಲಿಗೆ ಹೋಗಿದ್ದಳು. ಅಲ್ಲಿ ಒಂದೇ ಕುರ್ಚಿಯಲ್ಲಿ ಕೂತು ಮಗುವನ್ನು ತೊಡೆಯ ಮೇಲಿಟ್ಟುಕೊಂಡಿರುವುದಷ್ಟೇ ಅವಳ ಕೆಲಸ. ಅವಳು ಬರುವುದರೊಳಗೆ ಎಲ್ಲ ಮುಗಿಸಿ ಬೆರಗು ಮಾಡಬೇಕೆಂದು ಅಣ್ಣ ಹಿಗ್ಗಿದ. ಮೇಸ್ತ್ರಿ ತನ್ನ ಜನರನ್ನು ಕರೆತಂದ. ಗೋಡೆ ಒಡೆದರು, ತಂತಿ ಎಳೆದರು, ನಲ್ಲಿ ಬದಲಿಸಿದರು, ಚಿಲಕ ತಿರುಗಿಸಿದರು, ಬಚ್ಚಲ ನೆಲ ಅಗೆದು ನೀರು ಹರಿಯುವ ಓಟ ಸರಿ ಮಾಡಿದರು. ಹಳೆಯ ತೂತುಗಳಿಗೆಲ್ಲ ಗಾರೆ ಮೆತ್ತಿ ಬಣ್ಣ ಬಳಿದರು. ಈ ಸಲ ದಾರದ ತಲೆಯನ್ನು ಬಾಗಿಲ ಮೂಲೆಗೆ ಅಣ್ಣನೇ ಒತ್ತಿ ಹಿಡಿದಿದ್ದ. ಮೇಸ್ತ್ರಿ ಕೆಲಸ ಮಾಡುತ್ತ ಮಾಡುತ್ತ, "ಅಮ್ಮಾವ್ರು ಒಪ್ಪಿದ್ರಾ ಕೊನೆಗೂ?" ಎಂದು ಕೇಳಿದ. ಅವಳು ಒಪ್ಪದೆ ಇರುವುದೇನಿದೆ ಎಂದುಕೊಂಡ ಅಣ್ಣ ಹೂಂ ಎಂದ.

ಅಕ್ಕ ಬಂದದ್ದು ಒಳ್ಳೆಯ ಬಿಸಿಲಿನ ಹೊತ್ತಿನಲ್ಲಿ. ಅಳಿಯ ಗೇಟಿನವರೆಗೆ ಬಿಟ್ಟು ಹೋದ. ಅಣ್ಣ ಸದ್ದು ಮಾಡದೆ ನಡುಮನೆಯಲ್ಲಿ ನಿಂತು ನೋಡುತ್ತಿದ್ದ. ಅವಳು ಹೊಸಿಲು ದಾಟಿ, ಸರಸರನೆ ಬಂದು, ಬಾಗಿಲನ್ನು ಹಿಂದಕ್ಕೆ ತಳ್ಳಿ, ಅದರ ಹಿಂದಿನ ಗೋಡೆಗೆ ಚೀಲ ನೇತುಹಾಕಲು ಕೈಯೆತ್ತಿದಳು. ಗೂಟ ಅಲ್ಲಿರಲಿಲ್ಲ. ಚೀಲ ಕೆಳಗೆ ಬಿತ್ತು. ಅವಳು ಬಾಗಿ ಅದನ್ನು ಹುಡುಕಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟು ಸವರುತ್ತ ಹೋದಳು. ಹಸಿ ಬಣ್ಣ ಬೆರಳಿಗೆ ಅಂಟಿತು. ಕೈ ಹಿಂದಕ್ಕೆಳೆದುಕೊಂಡಳು.

ನಾಲ್ಕು ಹೆಜ್ಜೆ ಇಟ್ಟು ಅಡುಗೆಮನೆಗೆ ಹೋದಳು. ಅಭ್ಯಾಸದಂತೆ ಎಡದ ನಲ್ಲಿ ತಿರುಗಿಸಿ ಕೈಯೊಡ್ಡಿದಳು. ಕುದಿನೀರು ಸುರಿಯಿತು. ಕೂಗಲಿಲ್ಲ, ಕೈಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ಸರಿದವಳ ಬೆನ್ನಿಗೆ ಚೌಕಟ್ಟು ತಗಲಿತು. ಅಲ್ಲಿಂದ ನಡುಮನೆಯ ನಟ್ಟನಡುವೆ ಬಂದು, ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನಿಂತಳು.

"ರೀ" ಎಂದಳು. "ಇದು ಯಾರ ಮನೆ?"

ಅಣ್ಣ ಅವಳ ಎದುರಿಗೆ, ಕೈಯಳತೆಯಲ್ಲಿ ನಿಂತಿದ್ದ. ಕಿಟಕಿಯ ಬಿಸಿಲು ಅವನ ಮುಖದ ಮೇಲೇ ಬೀಳುತ್ತಿತ್ತು. ತಮಾಷೆ ಮಾಡುತ್ತಿದ್ದಾಳೆಂದು ನಗಲು ಹೊರಟವನು ಅರ್ಧಕ್ಕೇ ನಿಂತ.

"ಎಲ್ಲಿದ್ದೀರಿ? ಮನೇಲಿ ಇದ್ದೀರಾ?" ಎಂದಳು. ಅವಳ ಕಣ್ಣು ಅವನ ಭುಜದ ಆಚೆ ಎಲ್ಲೋ ನೆಟ್ಟಿತ್ತು.

ಅವನು ಮೆಲ್ಲಗೆ ಕೈಯೆತ್ತಿ ಅವಳ ಮುಖದ ಮುಂದೆ ಆಡಿಸಿದ. ರೆಪ್ಪೆ ಬಡಿಯಲಿಲ್ಲ. ಮಬ್ಬಲ್ಲ, ನೆರಳಲ್ಲ, ಏನೂ ಉಳಿದಿರಲಿಲ್ಲ. ಇಷ್ಟು ಕಾಲ ಅವನಿಗೆ ಚಹಾ ಮಾಡಿಕೊಟ್ಟವಳು, ಅಂಗಿಯ ಗುಂಡಿ ನೋಡಿದವಳು, "ನಿಮ್ಮ ಮುಖ ಯಾಕೆ ಬಾಡಿದೆ" ಎಂದು ಕೇಳುತ್ತಿದ್ದವಳು ಪೂರ್ತಿ ಕತ್ತಲೆಯಲ್ಲಿ ನಿಂತು ಅದನ್ನೆಲ್ಲ ಮಾಡಿದ್ದಳು.

"ಯಾವಾಗಿಂದ?" ಎಂದ.

ಅವಳು ದನಿ ಬಂದ ಕಡೆಗೆ ತಿರುಗಿದಳು. ಇಷ್ಟು ಹತ್ತಿರದಿಂದ ಬಂತಲ್ಲ ಎಂದು ಅವಳ ಮುಖವೂ ಬೆಚ್ಚಿತು. ಸಿಕ್ಕಿಬಿದ್ದೆ ಎಂದು ತಿಳಿಯಿತು.

"ಈ ಮನೆಗೆ ಬಂದ ವಾರದಲ್ಲೇ ಹೋಯ್ತು. ಒಂದು ಬೆಳಗ್ಗೆ ಎದ್ದೆ, ಕಿಟಕಿ ಇರಲಿಲ್ಲ" ಎಂದಳು, ಹಾಲು ಒಡೆದದ್ದನ್ನು ಹೇಳುವಂತೆ.

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಚೀಲ ಕೆಳಗಿಟ್ಟು ನನ್ನ ಮೊಣಕೈ ಹಿಡ್ಕೊಂಡು ಕೂತ್ಬಿಡ್ತಿದ್ರಿ. ಕೂತಲ್ಲಿಗೆ ನೀರು, ಕೂತಲ್ಲಿಗೆ ಚಹಾ. ನನ್ನನ್ನು ಬೊಂಬೆ ಮಾಡ್ತಿದ್ರಿ. ಅದಕ್ಕೆ ಕಲಿತ್ಕೊಂಡೆ. ಗೋಡೆ ಒರೆಸ್ತಾ ಒರೆಸ್ತಾ ಎಲ್ಲಾನೂ ಕಲಿತೆ. ಸ್ವಿಚ್ಚು ಬಾಗಿಲ ಹಿಂದೆ, ಬಿಸಿ ಬಲಕ್ಕೆ, ಚಿಲಕ ಕೆಳಕ್ಕೆ." ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ, "ನಿಮ್ಮ ಮೇಸ್ತ್ರಿ ಹಾಕಿದ ಹಾಗೆ" ಎಂದಳು.

ಅಮ್ಮಾವ್ರು ಒಪ್ಪಿದ್ರಾ ಎಂದು ಕೇಳಿದ್ದ ಮೇಸ್ತ್ರಿಯ ಮಾತು ಆಗ ಅಣ್ಣನ ಕಿವಿಗೆ ಬಡಿಯಿತು. "ಅವರು ಬಂದಿದ್ರಾ? ರಿಪೇರಿಯವರು?"

"ಬಂದಿದ್ರು. ಬಂದಾಗೆಲ್ಲ ಚಹಾ ಕೊಟ್ಟು ಕಳಿಸಿದೆ. ನಿಮ್ಮ ಹತ್ತಿರ ಮಾತ್ರ ಯಾರೂ ಬಂದಿಲ್ಲ ಅಂದೆ. ಪಾಪ, ಅವರಿಗೇನು, ಕೆಲಸ ತಪ್ಪಿತಲ್ಲ."

ನಾಳೆರಾಯ ತನ್ನ ಇಡೀ ಕಸುಬಿನಲ್ಲಿ ಒಂದೇ ಒಂದು ವಿಷಯದಲ್ಲಿ ನಿಜ ಹೇಳಿದ್ದ. ಅದನ್ನೇ ಯಾರೂ ನಂಬಿರಲಿಲ್ಲ.

ಅವಳ ಕೆಂಪಾದ ಕೈಯ ಮೇಲೆ ಅಣ್ಣ ತಣ್ಣೀರು ಬಿಡುತ್ತಿದ್ದ, ಬಲದ ನಲ್ಲಿಯಿಂದ. ಇಷ್ಟು ಹೋರಾಡಿ ತಂದ ನಲ್ಲಿ. "ಇದನ್ನೂ ಕಲಿತೀಯಲ್ಲ?" ಎಂದ, ಕೇಳುವುದಕ್ಕೆ ಹೆದರಿಕೊಂಡು.

ಅವಳು ಕೈಯನ್ನು ನೀರಿನಿಂದ ಹಿಂದಕ್ಕೆ ತೆಗೆದುಕೊಂಡಳು. "ಒಂದು ಸಲ ಕಲಿಯೋಕೆ ಧೈರ್ಯ ಇತ್ತು" ಎಂದಳು. "ಇನ್ನೊಂದು ಸಲಕ್ಕೆ ಇದೆಯೋ ಇಲ್ವೋ ಗೊತ್ತಿಲ್ಲ."

ಮರುದಿನ ನಾಳೆರಾಯನ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಅಣ್ಣ ಹೊರಗೆ ನಿಂತಿದ್ದ. ಇವನನ್ನು ಕಂಡು ನಾಳೆರಾಯನ ಮುಖ ಸುಟ್ಟ ಬದನೆಕಾಯಿಯಾಯಿತು.

"ಮತ್ತೇನು ಕೆಟ್ಟಿತು?"

"ಏನೂ ಕೆಟ್ಟಿಲ್ಲ. ಅದೇ ತೊಂದರೆ. ಎಲ್ಲಾನೂ ಮೊದಲಿನ ಹಾಗೇ ಮಾಡಿಕೊಡಿ."

"ಮೊದಲಿನ ಹಾಗೆ ಅಂದ್ರೆ?"

"ತಪ್ಪಾಗಿ."

ನಾಳೆರಾಯ ಕುರ್ಚಿಯಿಂದ ಎದ್ದವನು ಮತ್ತೆ ಕೂತ. ಗುಮಾಸ್ತನನ್ನು ನೋಡಿದ, ಗುಮಾಸ್ತ ಅವನನ್ನು ನೋಡಿದ. "ನೋಡಣ್ಣ, ನಾವು ತಪ್ಪನ್ನ ನಾವಾಗೇ ಮಾಡೋರು. ಯಾರಾದ್ರೂ ಹೇಳಿ ಮಾಡಿಸಿದ್ರೆ ಅದಕ್ಕೆ ಗ್ಯಾರಂಟಿ ಕೊಡೋಕಾಗಲ್ಲ" ಎಂದ. ಆದರೆ ಅಣ್ಣನ ಮುಖದಲ್ಲಿ ಏನು ಕಂಡನೋ, ಮತ್ತೆ ಒಂದು ಪ್ರಶ್ನೆಯನ್ನೂ ಕೇಳದೆ ಮೇಸ್ತ್ರಿಗೆ ಹೇಳಿಕಳಿಸಿದ.

ಮೇಸ್ತ್ರಿ ಬಂದು ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡ. ಹಳೆಯ ಗುರುತೆಲ್ಲ ಗಾರೆಯ ಕೆಳಗೆ ಹೋಗಿತ್ತು. ಅಣ್ಣ ಅವಸರದಲ್ಲಿ ದಾರ ತಂದು ಬಿಚ್ಚಿದ. ಅಕ್ಕ ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ಬಾಗಿಲ ಹಿಂದೆ ಹೋಗಿ, ಹೊಸ ಬಣ್ಣದ ಮೇಲೆ ಅಂಗೈ ಇಟ್ಟಳು.

"ಇಲ್ಲಿ. ಅಲ್ಲ, ಒಂದು ಬೆರಳು ಕೆಳಗೆ. ಹಾಂ, ಇಲ್ಲಿ."

ಮೇಸ್ತ್ರಿ ಅಲ್ಲಿ ಉಳಿ ಹಿಡಿದು ಮೆಲ್ಲಗೆ ಬಡಿದ. ಗಾರೆಯ ಬಿಲ್ಲೆ ಕಳಚಿ ಬಿತ್ತು. ಒಳಗೆ ಹಳೆಯ ಸ್ವಿಚ್ಚಿನ ಪೆಟ್ಟಿಗೆಯ ಗೂಡು ಬಾಯಿ ತೆರೆದುಕೊಂಡಿತು. ಮೇಸ್ತ್ರಿ ಉಳಿಯನ್ನು ಹಾಗೇ ಹಿಡಿದುಕೊಂಡು, ಅಕ್ಕನ ಕಣ್ಣನ್ನು ನೋಡಿ, ಅಣ್ಣನನ್ನು ನೋಡಿ, ತಲೆ ತಗ್ಗಿಸಿದ. ಅವತ್ತು ಅವನು ಒಂದೂ ತಮಾಷೆ ಮಾಡಲಿಲ್ಲ. ಗೂಟ, ನಲ್ಲಿ, ಚಿಲಕ ಎಲ್ಲವನ್ನೂ ಅವಳ ಕೈ ತೋರಿಸಿದಲ್ಲೇ ಹಾಕಿದ.

"ಬಚ್ಚಲಿನ ಓಟವನ್ನೂ ತಿರುಗಿಸ್ಲಾ ಅಮ್ಮ?"

"ಅದೊಂದು ಸರಿಯಾಗೇ ಇರಲಿ ಮಾರಾಯ" ಎಂದಳು ಅಕ್ಕ. "ಅದು ಕಣ್ಣಿದ್ದೋರನ್ನೂ ಬೀಳಿಸ್ತಿತ್ತು."

ಮಗಳಿಗೆ ವಿಷಯ ತಿಳಿದಾಗ ಅವಳು ನಂಬಲಿಲ್ಲ. "ಮಗುವಿನ ಮೂಗು ನಿಮ್ಮ ಮೂಗಿನ ಹಾಗೇ ಇದೆ ಅಂತ ಅಮ್ಮ ಅಂದಳಲ್ಲಪ್ಪ" ಎಂದಳು. ಆಮೇಲೆ ತಾಯಿಯ ಬೆರಳು ಮಗುವಿನ ಮುಖದ ಮೇಲೆ ಓಡಾಡುತ್ತಿದ್ದದ್ದು ನೆನಪಾಗಿ, ಬಾಯಿಗೆ ಸೆರಗು ಒತ್ತಿಕೊಂಡಳು.

ಬೀದಿಯವರಿಗೆ ಇವರು ಯಾರೂ ಏನೂ ಹೇಳಲಿಲ್ಲ. ಅಕ್ಕನದು ಅದೊಂದೇ ಕೇಳಿಕೆಯಾಗಿತ್ತು. "ಪಾಪ ಅಂತ ಯಾರಾದ್ರೂ ಶುರು ಮಾಡಿದ್ರೆ ನನಗೆ ದಾರಿ ತಪ್ಪುತ್ತೆ" ಎಂದಿದ್ದಳು. ಹಾಗಾಗಿ ಹುಚ್ಚ ಎನ್ನುವ ಹೆಸರನ್ನು ಅಣ್ಣ ಹೆಗಲಿಗೆ ಹಾಕಿಕೊಂಡ. ತಕ್ಕಡಿಯ ಚೀಲದ ಪಕ್ಕಕ್ಕೆ ಅದೂ ಒಂದು. ಎದುರುಮನೆಯ ಹೆಂಗಸು ಕೇಳಿದರೆ, "ಬಾಗಿಲ ಹಿಂದೆ ಇದ್ರೆ ಸ್ವಿಚ್ಚಿಗೆ ಧೂಳು ಕೂರಲ್ಲ" ಎನ್ನುತ್ತಿದ್ದ. ಕೆಲಸ ಬಿಡಲಿಲ್ಲ, ಮೊಣಕೈ ಹಿಡಿಯಲಿಲ್ಲ. ಅವಳು ಚಹಾ ಮಾಡಿದಳು, ಅವನು ಕುಡಿದ. ಮೊಮ್ಮಗು ಆ ಮನೆಯಲ್ಲೇ ಅಂಬೆಗಾಲಿಟ್ಟಿತು, ಅಜ್ಜಿಯ ಕಾಲಿಗೆ ಒಂದು ದಿನವೂ ಸಿಕ್ಕಿಕೊಳ್ಳಲಿಲ್ಲ. ಅಣ್ಣನೊಬ್ಬನೇ ಎಷ್ಟು ವರ್ಷವಾದರೂ ಬರಿಯ ಗೋಡೆ ತಡವಿ, ಬಾಗಿಲಿಗೆ ಭುಜ ಬಡಿಸಿಕೊಂಡು, ಬಿಸಿನೀರಿಗೆ ಬೆರಳು ಸುಟ್ಟುಕೊಳ್ಳುತ್ತಿದ್ದ. ಅವಳು ಒಳಗಿನಿಂದ ನಗುತ್ತಿದ್ದಳು: "ಕಣ್ಣಿದ್ದು ಏನು ಬಂತು?"

ಅವಳು ಹೋದದ್ದು ಒಂದು ಸಣ್ಣ ಜ್ವರದಲ್ಲಿ. ಹಿಂದಿನ ದಿನದವರೆಗೂ ತಾನೇ ಎದ್ದು ದೀಪ ಹಾಕಿದ್ದಳು, ಅವನಿಗಾಗಿ.

ಆಮೇಲೆ ಕೆಲವು ತಿಂಗಳು ಅಣ್ಣ ಒಬ್ಬನೇ ಇದ್ದ. ತನ್ನ ಮನೆಗೆ ಬಂದುಬಿಡಿ ಎಂದು ಮಗಳು ಬಿಡಲಿಲ್ಲ, ಮನೆ ಮಾರುವುದೆಂದಾಯಿತು. ಮನೆ ಕೊಳ್ಳಲು ಬಂದ ಎಳೆಯ ದಂಪತಿ ಒಳಗೆಲ್ಲ ಓಡಾಡಿ, ಬಾಗಿಲು ಎಳೆದು ನೋಡಿ, ಬೆಚ್ಚಿಬಿದ್ದರು. "ಅಜ್ಜ, ಇದೇನಿದು? ಯಾರು ಕಟ್ಟಿದ್ದು ಈ ಮನೆನ? ಹಿಡಿದು ಕೇಳಲಿಲ್ವಾ ನೀವು?" ಎಂದಳು ಆ ಹುಡುಗಿ.

"ಕೇಳಿದೆ ಮಗಳೇ" ಎಂದ ಅಣ್ಣ. "ಎರಡು ಸಲ ಕೇಳಿದೆ. ಎರಡು ಸಲವೂ ಮಾಡಿಕೊಟ್ಟರು. ನೀನು ನಿನ್ನ ಕೈಗೆ ಬರೋ ಹಾಗೆ ಹಾಕಿಸ್ಕೋ."

ಬೀಗದ ಕೈ ಕೊಡುವ ದಿನ ಸಾಮಾನೆಲ್ಲ ಮೊದಲೇ ಹೋಗಿತ್ತು. ಮಗಳು ಗೇಟಿನಲ್ಲಿ ನಿಂತಿದ್ದಳು. ಖಾಲಿ ಮನೆಯಲ್ಲಿ ಹಗಲುಹೊತ್ತಿನಲ್ಲೇ ದೀಪ ಉರಿಯುತ್ತಿತ್ತು, ಅಣ್ಣನೇ ಹಾಕಿದ್ದು. ಅವನು ಅಡುಗೆಮನೆಯ ಮೂಲೆಯಲ್ಲಿ ನಿಂತು ಕಣ್ಣು ಮುಚ್ಚಿಕೊಂಡ. ಗೋಡೆಗೆ ಅಂಗೈ ಹಚ್ಚಿದ. ಸೊಂಟದೆತ್ತರದಲ್ಲಿ ಬಣ್ಣ ಸವೆದು ಒಂದು ಪಟ್ಟಿ ನುಣ್ಣಗಾಗಿತ್ತು. ಎಷ್ಟೋ ವರ್ಷ ಒದ್ದೆ ಬಟ್ಟೆ ಹಿಡಿದ ಕೈ ಓಡಾಡಿದ ದಾರಿ. ಆ ದಾರಿ ಹಿಡಿದು ಹೊರಟ. ಚೌಕಟ್ಟು ಬಂತು, ತಿರುವು ಬಂತು, ಗೂಟ ಬಂತು. ಬಾಗಿಲು ಬಂದಾಗ ಅವನ ಭುಜ ಬಡಿಯಲಿಲ್ಲ. ಕೈ ತಾನಾಗಿ ಬಾಗಿಲ ಹಿಂದೆ ಹೋಗಿ, ಒಂದು ಬೆರಳು ಕೆಳಗಿಳಿದು, ದೀಪ ಆರಿಸಿತು.

ಹೊಸಿಲು ದಾಟಿ ಬಾಗಿಲು ಎಳೆದುಕೊಂಡ. ಹೊರಗೆ ಬಿಸಿಲು ಮುಖಕ್ಕೆ ತಾಗುತ್ತಿತ್ತು.

"ಅಪ್ಪ, ಕಣ್ಣು ಬಿಡಿ, ಮೆಟ್ಟಿಲಿದೆ" ಎಂದಳು ಮಗಳು.

"ತಡಿ" ಎಂದ ಅಣ್ಣ. ಮೆಟ್ಟಿಲು ಎಲ್ಲಿದೆ ಎಂದು ಕಾಲಿನಿಂದ ಹುಡುಕಿ, ಇಳಿದ ಮೇಲೆ ಕಣ್ಣು ಬಿಟ್ಟ.